ನಡು ಹಂತದ ಖಾಲಿ ಪಟ್ಟಿ

ಪಾರ್ಕಿನ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಯಾವ ಹುಲ್ಲು ಒಳ್ಳೆಯದು, ಗೊಬ್ಬರ ಎಷ್ಟು ಹಾಕಬೇಕು, ಕ್ರೋಟನ್ ಎಲೆ ಯಾಕೆ ಸುರುಟಿಕೊಳ್ಳುತ್ತದೆ ಎಂದು ಕೇಳುತ್ತಾರೆ. ತಿಳಿದಷ್ಟು ಹೇಳುತ್ತೇನೆ. ಕಾಫಿ ಕುಡಿದು ಏಳುವಾಗ ಒಬ್ಬರಾದರೂ "ಸಾರ್, ನಿಮ್ಮ ಅನುಭವಾನ ಬರ್ದಿಡಿ" ಅನ್ನುತ್ತಾರೆ. ಬರೆಯುವುದಕ್ಕೆ ಏನಿದೆ? ನನಗೆ ಯಾವ ವರ್ಷ ಬಡ್ತಿ ಬಂತು, ಯಾವ ವರ್ಷ ತಪ್ಪಿತು ಎಂಬುದು ನನ್ನ ಹೆಂಡತಿಗೇ ನೆನಪಿಲ್ಲ, ಊರಿನವರಿಗೆ ಯಾಕೆ ಬೇಕು. ಆದರೆ ರಾಜಾಜಿನಗರದಲ್ಲಿ ಒಂದು ಸಣ್ಣ ಇಳಿಜಾರು ಪಾರ್ಕ್ ಇದೆ. ಅದರ ಉಸ್ತುವಾರಿ ಇಂದಲ್ಲ ನಾಳೆ ನಿಮ್ಮಲ್ಲಿ ಯಾರಿಗಾದರೂ ಬರುತ್ತದೆ. ಆ ಪಾರ್ಕಿನ ವಿಷಯ ಮಾತ್ರ ಹೇಳದೆ ಬಿಡುವಂತಿಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಐವತ್ತರ ದಶಕದ ನಡುವಿನ ಮಾತು. ರಾಜಾಜಿನಗರ ಆಗ ಕಾಗದದ ಮೇಲೆ ಪೂರ್ತಿಯಾಗಿತ್ತು, ನೆಲದ ಮೇಲೆ ಅರ್ಧ. ಬ್ಲಾಕು, ಮೇನು, ಕ್ರಾಸು ಎಂದು ಕಲ್ಲು ನೆಟ್ಟಿದ್ದರು. ಒಂದು ಕ್ರಾಸಿನಲ್ಲಿ ಸಾಲಾಗಿ ಹೊಸ ಮನೆಗಳಿದ್ದರೆ ಮುಂದಿನ ಕ್ರಾಸಿನಲ್ಲಿ ರಾಗಿಯ ಕೂಳೆ ಇನ್ನೂ ನಿಂತಿರುತ್ತಿತ್ತು. ಸಂಜೆ ಕಾರ್ಖಾನೆಯ ಸೈರನ್ ಕೂಗಿದರೆ ರಸ್ತೆ ತುಂಬ ಸೈಕಲ್ಲುಗಳು, ಅವುಗಳ ಹಿಂದೆಯೇ ಮೇಯ್ದು ಮನೆಗೆ ಮರಳುವ ಎಮ್ಮೆಗಳು. ಎಮ್ಮೆಗಳಿಗೆ ಬೆಲ್ ಹೊಡೆದರೂ ಅಷ್ಟೇ, ಬಿಟ್ಟರೂ ಅಷ್ಟೇ. ಮಾಗಡಿ ರಸ್ತೆಯ ಕಡೆಯಿಂದ ಗಾಳಿ ಬೀಸಿದಾಗ ಹೊಸ ಸುಣ್ಣದ ವಾಸನೆಯೂ ಸಗಣಿಯ ವಾಸನೆಯೂ ಒಟ್ಟಿಗೆ ಬರುತ್ತಿದ್ದವು. ಆ ವಾಸನೆ ಈಗ ಎಲ್ಲೂ ಇಲ್ಲ. ಕಣ್ಣು ಮುಚ್ಚಿದರೆ ನನ್ನ ಮೂಗಿಗೆ ಮಾತ್ರ ಬರುತ್ತದೆ.

ನಮ್ಮಪ್ಪ ದಂಡು ಪ್ರದೇಶದ ಕಡೆ ಒಂದು ಬಂಗಲೆಯ ತೋಟಗಾರರಾಗಿದ್ದರು. ನಾನೂ ಅವರ ಹಿಂದೆಯೇ ಗುದ್ದಲಿ ಹಿಡಿದು, ಇಪ್ಪತ್ತು ದಾಟುವ ಹೊತ್ತಿಗೆ ಬಡಾವಣೆಯ ಪಾರ್ಕು ವಿಭಾಗಕ್ಕೆ ಸೇರಿದೆ. ಮೀಸೆ ಸರಿಯಾಗಿ ಬಂದಿರಲಿಲ್ಲ, ಆದರೂ ಎಲ್ಲರೂ "ಮೇಸ್ತ್ರಿ" ಎನ್ನುತ್ತಿದ್ದರು. ಕೇಳಲು ಹಿತವಾಗಿತ್ತು. ಸಂಬಳ ಮಾತ್ರ ಆ ಹೆಸರಿಗೆ ತಕ್ಕಂತೆ ಇರಲಿಲ್ಲ.

ನನ್ನ ಮೇಲಿನವರು ಶ್ರೀಕಂಠಯ್ಯ ಎಂಬ ಇಂಜಿನಿಯರು. ತೆಳ್ಳಗಿನ ಆಳು, ಬಿಳಿ ಪ್ಯಾಂಟು, ಜೇಬಿನಲ್ಲಿ ನಶ್ಯದ ಡಬ್ಬಿ, ಸವಾರಿಗೆ ಹಳೆಯ ಸೈಕಲ್ಲು. ಒಂದು ದಿನ ನನ್ನನ್ನು ಎರಡು ಕ್ರಾಸುಗಳ ನಡುವೆ ಉಳಿದಿದ್ದ ಒಂದು ತುಂಡು ಜಾಗಕ್ಕೆ ಕರೆದುಕೊಂಡು ಹೋದರು. ಮೇಲಿನ ರಸ್ತೆಗೂ ಕೆಳಗಿನ ರಸ್ತೆಗೂ ಒಂದಾಳು ಮೀರಿದ ಎತ್ತರದ ವ್ಯತ್ಯಾಸ. ಸೈಟು ಮಾಡಿದರೆ ಮನೆ ಜಾರಿ ಕೆಳಗಿನವರ ಅಡುಗೆಮನೆಗೆ ಬರುವುದು ಖಂಡಿತ. ಹಾಗಾಗಿ ಪಾರ್ಕು. ಯಾವುದಕ್ಕೂ ಬಾರದ ಜಾಗ ಮಾತ್ರ ಪಾರ್ಕಿಗೆ ಸಿಗುವುದು, ಇದನ್ನು ನೀವೂ ಕಂಡುಕೊಳ್ಳುತ್ತೀರಿ.

"ನೋಡಯ್ಯಾ, ದುಡ್ಡೊಂದು ಬಿಟ್ಟು ಇನ್ನೇನು ಬೇಕೋ ಕೇಳು" ಅಂದರು.

"ಸೈಜುಗಲ್ಲು ಬೇಕು ಸಾರ್. ತಡೆಗೋಡೆ ಕಟ್ಟಬೇಕು."

"ಅದು ದುಡ್ಡೇ ಕಣಯ್ಯಾ."

"ಹೋಗ್ಲಿ, ಸಿಮೆಂಟು?"

"ಅದೂ ದುಡ್ಡೇ."

"ನೀರಿಗೆ ಪೈಪಾದ್ರೂ..."

ಅವರು ನಶ್ಯ ಏರಿಸಿ, ಕರವಸ್ತ್ರದಿಂದ ಮೂಗು ಒರೆಸಿಕೊಂಡು, ಬೇಜಾರಿನಿಂದ ನನ್ನನ್ನು ನೋಡಿದರು. "ಎಷ್ಟು ಹೇಳಿದ್ರೂ ನೀನು ಬರೀ ದುಡ್ಡೇ ಕೇಳ್ತೀಯಲ್ಲಯ್ಯಾ!"

ಹೀಗೆ ಶುರುವಾಯಿತು. ಕೊಟ್ಟ ಹಣ ಬೇಲಿಗೇ ಸರಿಹೋಯಿತು. ಉಳಿದದ್ದೆಲ್ಲ ಬೇಡಿ ತಂದದ್ದು, ಆರಿಸಿ ತಂದದ್ದು. ರಸ್ತೆ ಅಂಚಿಗೆ ಹಾಕಲು ತಂದು ಒಡೆದುಹೋದ ಕಲ್ಲುಗಳು, ಕಟ್ಟಡಗಳ ಹಿಂದೆ ಎಸೆದ ಹಂಚಿನ ಚೂರು, ಜಲ್ಲಿಯ ಪುಡಿ ಯಾವುದನ್ನೂ ಬಿಡಲಿಲ್ಲ. ಗಿಡಗಳಿಗೆ ನನ್ನದೇ ಒಂದು ದಾರಿ ಇತ್ತು. ಸಾಹೇಬರುಗಳ ಮನೆ ಮುಂದಿನ ಗಿಡ ಸವರಿಕೊಡಲು ಹೋಗುವುದು, ಸವರಿದ ಕಡ್ಡಿಗಳನ್ನು ಗೋಣಿಚೀಲದಲ್ಲಿ ತುಂಬಿ ತರುವುದು. ಅಗತ್ಯಕ್ಕಿಂತ ಸ್ವಲ್ಪ ಜಾಸ್ತಿಯೇ ಸವರುತ್ತಿದ್ದೆ. ಒಮ್ಮೆ ಶ್ರೀಕಂಠಯ್ಯನವರು ನಮ್ಮ ಕ್ರೋಟನ್ ಸಾಲಿನ ಮುಂದೆ ನಿಂತು, "ಚೆನ್ನಾಗಿದೆ ಕಣಯ್ಯಾ. ನಮ್ಮನೇಲೂ ಇದೇ ಜಾತಿದಿತ್ತು, ಯಾಕೋ ಈಚೆಗೆ ಬೋಳಾಗ್ಬಿಟ್ಟಿದೆ" ಅಂದರು. ನಾನು ಬಗ್ಗಿ ಮಣ್ಣು ಸರಿಮಾಡುವುದರಲ್ಲಿ ಮಗ್ನನಾದೆ.

ಕಲ್ಲನ್ನೂ ಕೆರೆಯ ಗೋಡುಮಣ್ಣನ್ನೂ ಹೊತ್ತು ತರುತ್ತಿದ್ದುದು ಗಿರಿಯಪ್ಪನ ಎತ್ತಿನ ಗಾಡಿ. ಗಿರಿಯಪ್ಪ ಆ ಊರಿನವನೇ, ಬಡಾವಣೆ ಬರುವುದಕ್ಕೆ ಮುಂಚಿನ ಊರಿನವನು. ನಾವು ಪಾರ್ಕು ಮಾಡುತ್ತಿದ್ದ ಇಳಿಜಾರೂ ಅದರ ಸುತ್ತಲ ಮನೆಗಳು ನಿಂತ ನೆಲವೂ ಅವನ ರಾಗಿ ಹೊಲವಾಗಿತ್ತು. ನೆಲ ಬಡಾವಣೆಗೆ ಹೋದ ಮೇಲೆ, ಉಳುವ ಎತ್ತುಗಳನ್ನೇ ಗಾಡಿಗೆ ಕಟ್ಟಿ ಬಾಡಿಗೆ ಹೊಡೆಯುತ್ತಿದ್ದ. ನಲವತ್ತರ ಆಸುಪಾಸು, ಕೆಂಪು ವಸ್ತ್ರದ ಪೇಟ, ಬಾಯಿ ತುಂಬ ಎಲೆ ಅಡಿಕೆ. ಅವನ ಬಾಯಿಗೆ ಬಿದ್ದವರು ಯಾರೂ ನಗದೆ ಎದ್ದು ಬಂದದ್ದಿಲ್ಲ, ಕೋಪ ಮಾಡಿಕೊಳ್ಳದೆಯೂ ಬಂದದ್ದಿಲ್ಲ. ಎಲ್ಲ ತನಗೆ ಗೊತ್ತು ಎನ್ನುವ ಸ್ವಭಾವ. "ಇವತ್ತು ಮಳೆ ಉಯ್ಯಲ್ಲ, ನನ್ ಮಾತು ಕೇಳು" ಅಂದ ದಿನವೇ ಕೊಡೆ ತರಬೇಕೆಂದು ನಾವೆಲ್ಲ ಕಲಿತಿದ್ದೆವು.

ಅಂಥ ಒಂದು ದಿನವೇ ನಮಗೆ ಮೊದಲ ಪೆಟ್ಟು ಬಿತ್ತು. ನಾವು ತೋಟದ ಆಳುಗಳು ಎಲ್ಲರೂ ಸಮತಟ್ಟಾದ ನೆಲದಲ್ಲಿ ಕೆಲಸ ಕಲಿತವರು. ಗಿಡ ಎಂದ ಮೇಲೆ ಸುತ್ತ ಪಾತಿ ಕಟ್ಟುವುದು, ಪಾತಿ ತುಂಬ ನೀರು ನಿಲ್ಲಿಸುವುದು, ಇಷ್ಟೇ ನಮಗೆ ಗೊತ್ತಿದ್ದದ್ದು. ಆ ಇಳಿಜಾರಿನಲ್ಲೂ ಮೇಲಿನಿಂದ ಕೆಳಗಿನ ತನಕ ಅಚ್ಚುಕಟ್ಟಾಗಿ ಪಾತಿ ಕಟ್ಟಿದೆವು. ಕಾರ್ತಿಕದಲ್ಲಿ ಹಿಡಿದ ಜಡಿಮಳೆಗೆ ಮೇಲಿನ ಪಾತಿ ಒಡೆದು ಅದರ ಕೆಳಗಿನದನ್ನು ಒಡೆಯಿತು, ಅದು ಇನ್ನೊಂದನ್ನು. ಗಿಡ, ಗೊಬ್ಬರ, ಮಣ್ಣು ಎಲ್ಲ ಸೇರಿ ಕೆಳಗಿನ ಕ್ರಾಸಿನ ಮೊದಲ ಮನೆಯ ಜಗಲಿ ಹತ್ತಿ ಕೂತವು.

ಆ ಮನೆ ಗೌರಮ್ಮನವರದು. ದಾವಣಗೆರೆ ಕಡೆಯವರು, ಗಂಡನಿಗೆ ಕಾರ್ಖಾನೆಯಲ್ಲಿ ಕೆಲಸ. ಹಣೆಯಲ್ಲಿ ವಿಭೂತಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಕೈಯಲ್ಲಿ ಪೊರಕೆ. ಅವರನ್ನು ನಾನು ಮೊದಲು ನೋಡಿದ್ದು ಹಾಗೆ.

"ನಿಮ್ ತ್ವಾಟ ನಮ್ ಮನಿಗೇ ಬಂತಲ್ರೀ ಮೇಸ್ತ್ರಿ! ಇನ್ ನೀರು ನಾವಾ ಹಾಕ್ಕಂತೀವಿ, ನೀವು ಮನಿಗೆ ಹೋಗ್ರಿ" ಅಂದರು.

ತಪ್ಪಾಯಿತು ತಾಯಿ ಅಂದು ನಾನೂ ನಮ್ಮವರೂ ಸಂಜೆಯ ತನಕ ಅವರ ಜಗಲಿ ತೊಳೆದೆವು. ಬಯ್ಯುತ್ತಲೇ ನಮಗೆಲ್ಲ ಮಂಡಕ್ಕಿ ಕಲಸಿ ಕೊಟ್ಟರು.

ಅದಾದ ಮೇಲೆ ಪಾತಿಯ ಆಸೆ ಬಿಟ್ಟೆವು. ಇಡೀ ಇಳಿಜಾರನ್ನು ಅಡ್ಡಡ್ಡವಾಗಿ ಅಗಲವಾದ ಹಂತಗಳಾಗಿ ಕಡಿದೆವು. ಒಂದೊಂದು ಹಂತದ ಅಂಚಿಗೆ ಒಡೆದ ಕಲ್ಲು ಪೇರಿಸಿ, ಸಂದಿಗೆ ಹಂಚಿನ ಚೂರು ತುರುಕಿ, ಹೆಚ್ಚಾದ ನೀರು ಪಕ್ಕಕ್ಕೆ ಹರಿದುಹೋಗಲು ಸಣ್ಣ ಕಾಲುವೆ ತೆಗೆದೆವು. ಆದರೆ ಸಿಮೆಂಟಿಲ್ಲದ ಕಲ್ಲನ್ನು ಹಿಡಿದಿಡಲು ಬೇರು ಬೇಕು. ದುಡ್ಡಿಲ್ಲದೆ ಸಿಗುವ ಬೇರೆಂದರೆ ಗರಿಕೆ. ಕೆರೆ ಏರಿಯ ಮೇಲಿಂದ ಗರಿಕೆಯನ್ನು ಬುಡಸಮೇತ ಕಿತ್ತು, ಗಿರಿಯಪ್ಪನ ಗಾಡಿಯಲ್ಲೇ ತುಂಬಿ ತಂದು, ಗೇಣಿಗೊಂದರಂತೆ ಊರತೊಡಗಿದೆವು. ಸಂಕ್ರಾಂತಿ ಕಳೆದಿತ್ತು, ಬಿಸಿಲು ಏರುತ್ತಿತ್ತು. ರಸ್ತೆಯ ನಲ್ಲಿಯಿಂದ ಕೊಡದಲ್ಲಿ ನೀರು ಹೊತ್ತು ಹುಯ್ಯುತ್ತಿದ್ದೆವು.

ಗಿರಿಯಪ್ಪ ಗಾಡಿಯ ಮೂಕಿಯ ಮೇಲೆ ಕೂತು ನೋಡಿದ. ಮೊದಲು ನಕ್ಕ. ಆಮೇಲೆ ನಗು ನಿಂತಿತು.

"ಅಲ್ಲಾ ಮೇಸ್ತ್ರಿ, ಈ ಹೊಲ್ದಾಗೆ ಗರಿಕೆ ಕಿತ್ತೂ ಕಿತ್ತೂ ನಮ್ಮಪ್ಪನ್ ಬೆನ್ನು ಬಗ್ಗೋಯ್ತು. ನನ್ ಅರ್ಧ ಆಯಸ್ಸೂ ಅದ್ರಾಗೇ ಓಯ್ತು. ಈಗ ಸರ್ಕಾರ ಕೂಲಿ ಕೊಟ್ಟು ಗರಿಕೆ ನೆಡುಸ್ತದಾ? ನಮ್ಮಪ್ಪ ಇದ್ದಿದ್ರೆ ಇಲ್ಲೇ ಎದೆ ಒಡ್ಕಂತಿದ್ದ."

ನನಗೂ ನಗು ಬಂತು. ಆದರೆ ಅವನ ಮುಖ ನೋಡಿ ನಗಲಿಲ್ಲ.

ಗರಿಕೆ ಚಿಗುರುವ ಹೊತ್ತಿಗೆ ಕಳೆಯೂ ಎದ್ದಿತು. ಕಳೆ ತೆಗೆಯಲು ಊರಿನ ಹೆಂಗಸರನ್ನು ಕರೆದೆ. ಅವರಿಗೆ ಮುಂದಾಳು ಗಿರಿಯಪ್ಪನ ಹೆಂಡತಿ ನಂಜಮ್ಮ. ಗಂಡನಿಗಿಂತ ಹತ್ತು ವರ್ಷ ಚಿಕ್ಕವಳು, ಮಾತು ಕಮ್ಮಿ, ಕೈ ಚುರುಕು. "ಕಳೆ ಎಲ್ಲಾ ತೆಗ್ದಿರಿ, ಮಧ್ಯಾಹ್ನ ಬರ್ತೀನಿ" ಎಂದು ಹೇಳಿ ನಾನು ಗಿಡ ಬೇಡಲು ಮಲ್ಲೇಶ್ವರದ ಕಡೆ ಹೋದೆ.

ಬಂದು ನೋಡಿದರೆ ಹಂತಗಳೆಲ್ಲ ಬಿತ್ತನೆಗೆ ಸಿದ್ಧವಾದ ಹೊಲದಂತೆ ನುಣ್ಣಗೆ ಕೆಂಪಗೆ ಹೊಳೆಯುತ್ತಿದ್ದವು. ಗರಿಕೆಯೆಲ್ಲ ಬೇರುಸಮೇತ ರಸ್ತೆ ಪಕ್ಕದಲ್ಲಿ ರಾಶಿ ಬಿದ್ದಿತ್ತು. ನಾನು ಕಳೆ ಎಂದುಕೊಂಡಿದ್ದ ಅಣ್ಣೆಸೊಪ್ಪು, ಗಣಿಕೆಸೊಪ್ಪು ಮಾತ್ರ ಹೆಂಗಸರ ಮಡಿಲಲ್ಲಿ ಜೋಪಾನವಾಗಿದ್ದವು.

ನಂಜಮ್ಮ ಹೆಮ್ಮೆಯಿಂದ ಬೆವರೊರೆಸಿಕೊಂಡಳು. "ನೋಡ್ಕಳಿ ಮೇಸ್ತ್ರಿ. ಒಂದು ಗರಿಕೆ ಬುಟ್ಟಿದ್ರೆ ನನ್ ಕೇಳಿ."

ನಾನು ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತೆ. "ನಂಜಮ್ಮಾ, ಅದನ್ನ ನಾವೇ ನೆಟ್ಟಿದ್ದು ಕಣಮ್ಮಾ!"

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ನಮ್ಮನೆಯೋರು ಹೇಳಿದ್ರು. ತಮಾಸೆ ಮಾಡ್ತಾವ್ರೆ ಅಂದ್ಕಂಡೆ. ಯಾರಾದ್ರೂ ಗರಿಕೆ ನೆಡ್ತಾರಾ ಮೇಸ್ತ್ರಿ?"

ಒಬ್ಬಳು ಕಿಸಕ್ಕೆಂದಳು, ಎಲ್ಲರಿಗೂ ನಗು ಅಂಟಿತು. ಗರಿಕೆ ಸುಲಭಕ್ಕೆ ಸಾಯುವ ಜಾತಿಯಲ್ಲ. ಒದ್ದೆ ಗೋಣಿ ಹೊದಿಸಿ, ಹೊತ್ತು ಮುಳುಗುವುದರೊಳಗೆ ಅವೇ ಕೈಗಳು ಅದನ್ನು ಮತ್ತೆ ಊರಿದವು. ನಂಜಮ್ಮ ಊರುತ್ತಿದ್ದಳು, ಆದರೆ ಎರಡು ಮಾರು ಮುಂದೆ ಹೋದೊಡನೆ ಅವಳ ಕೈ ಹಿಂದಕ್ಕೆ ಬಂದು ಊರಿದ್ದನ್ನೇ ಕೀಳಲು ನೋಡುತ್ತಿತ್ತು. "ಕೈ ತಾನಾಗೇ ಓಯ್ತದೆ ಮೇಸ್ತ್ರಿ, ನಾನೇನ್ ಮಾಡ್ಲಿ" ಅನ್ನುತ್ತಿದ್ದಳು. ಶ್ರೀಕಂಠಯ್ಯನವರಿಗೆ ವಿಷಯ ತಿಳಿದಾಗ ಬಯ್ಯುತ್ತಾರೆ ಎಂದುಕೊಂಡಿದ್ದೆ. ಅವರು ನಶ್ಯದ ಸೀನಿನ ನಡುವೆ ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

ಯುಗಾದಿ ಹತ್ತಿರ ಬಂತು. ಒಂದು ಮಧ್ಯಾಹ್ನ ಗಿರಿಯಪ್ಪ ಎಂದಿನ ಹಾಗೆ ಕೊಂಕು ಮಾತಾಡದೆ ನನ್ನ ಪಕ್ಕ ಬಂದು ಕುಕ್ಕುರುಗಾಲಿನಲ್ಲಿ ಕೂತ.

"ಮೇಸ್ತ್ರಿ, ಹಬ್ಬದ್ ದಿನ ನಾನು ಇಲ್ಲಿ ಹೊನ್ನಾರು ಹೂಡ್ಬೇಕು."

ಹೊನ್ನಾರು ಎಂದರೆ ವರ್ಷದ ಮೊದಲ ಉಳುಮೆ. ಯುಗಾದಿಯ ಬೆಳಗ್ಗೆ ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ನೇಗಿಲಿಗೆ ಪೂಜೆ ಮಾಡಿ, ಕಾಯಿ ಒಡೆದು, ತಮ್ಮ ಹೊಲದಲ್ಲಿ ನಾಲ್ಕು ಸಾಲು ಹೊಡೆಯುವುದು ಆ ಊರುಗಳ ಪದ್ಧತಿ.

"ಗಿರಿಯಪ್ಪಾ, ಇದು ಪಾರ್ಕು ಕಣೋ" ಅಂದೆ.

"ಗೊತ್ತು. ದುಡ್ಡು ಕೊಟ್ರು, ಇಸ್ಕೊಂಡೆ. ನೆಲ ಓಯ್ತು ಅಂತ ನಾನೇನೂ ಅಳಲ್ಲ. ಮಿಕ್ಕಿದ್ ಕಡೆ ಎಲ್ಲಾ ಮನೆ ಎದ್ದವೆ. ನನ್ ಹೊಲ್ದಾಗೆ ಮಣ್ಣು ಕಾಣೋದು ಇನ್ನು ಇಲ್ಲೊಂದೇ. ಹಬ್ಬದ್ ದಿನ ನಾಕು ಸಾಲು ಹೊಡೀದಿದ್ರೆ ಅವು ಬರೀ ಗಾಡಿ ಎತ್ತಾಯ್ತವೆ ಮೇಸ್ತ್ರಿ. ನಾನು ಬರೀ ಗಾಡಿಯೋನಾಯ್ತೀನಿ."

ಅಷ್ಟು ಮಾತಾಡಿ ಎದ್ದುಹೋದ. ಮಾರನೆಯ ದಿನ ನಡು ಹಂತಕ್ಕೆ ಹೋಗಿ ನಿಂತೆ. ಅದು ಎಲ್ಲಕ್ಕಿಂತ ಅಗಲ. ಅದರ ಉದ್ದಕ್ಕೂ ಕನಕಾಂಬರ ಹಾಕಬೇಕೆಂದು ಒಂದು ಪಟ್ಟಿಯಷ್ಟು ಜಾಗಕ್ಕೆ ಗರಿಕೆ ಊರದೆ ಬಿಟ್ಟಿದ್ದೆ. ಹೇಗೂ ಅಗೆಯಬೇಕು, ಅಗೆಯಲು ಕೂಲಿಗೆ ಹಣವಿಲ್ಲ. ಎತ್ತು ಉತ್ತರೇನು, ಆಳು ಅಗೆದರೇನು? ಹಬ್ಬದ ದಿನ ಬೆಳಗ್ಗೆ ಬೇಲಿಯ ಒಂದು ಕಡೆ ತೆರೆದುಕೊಟ್ಟೆ. ಗಿರಿಯಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದ. ಇಷ್ಟು ದಿನ ಚಪ್ಪಲಿ ಮೆಟ್ಟಿಕೊಂಡೇ ಕಲ್ಲು ಹೊತ್ತು ತಂದು ಹಾಕಿದ ಜಾಗಕ್ಕೆ ಆ ಹೊತ್ತು ಬರಿಗಾಲಲ್ಲಿ ಬಂದ. ಬಾಯಲ್ಲಿ ಎಲೆ ಅಡಿಕೆಯೂ ಇರಲಿಲ್ಲ. ನಾಲ್ಕು ಸಾಲು ಹೊಡೆದು, ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡು, ನನ್ನ ಕೈಗೊಂದು ಕಾಯಿ ಹೋಳು ಇಟ್ಟು ಹೋದ. ನನಗೂ ಹಬ್ಬವಾದಂತಾಯಿತು.

ಸಂತೋಷ ಬಹಳ ದಿನ ಉಳಿಯಲಿಲ್ಲ. ಹಂತದ ಎರಡು ತುದಿಗಳಲ್ಲಿ ಎತ್ತು ತಿರುಗಿಸುವಾಗ ಅವುಗಳ ಗೊರಸಿಗೆ ಅಂಚಿನ ಕಲ್ಲು ಸಡಿಲವಾಗಿದ್ದವು. ಗಿರಿಯಪ್ಪನಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ. ಹಬ್ಬ ಕಳೆದ ಕೆಲವೇ ದಿನಕ್ಕೆ ಮಾವಿನ ಮಳೆ ಸುರಿಯಿತು. ನೀರು ಆ ಸಡಿಲ ಮೂಲೆಗೇ ನುಗ್ಗಿ, ಕಲ್ಲು ಕೆಡವಿ, ಕೆಳಗಿನ ಹಂತವನ್ನೂ ಸೀಳಿಕೊಂಡು ಸೀದಾ ಗೌರಮ್ಮನವರ ಮನೆಗೆ ಹೋಯಿತು. ಈ ಸಲ ಜಗಲಿಗಲ್ಲ, ಒಳಗೆ. ಹೊಸಲು ದಾಟಿ ಅವರ ಜೋಳದ ಚೀಲವನ್ನೂ ನೆನೆಸಿತ್ತು.

ಗೌರಮ್ಮ ನನ್ನ ಹತ್ತಿರ ಬರಲಿಲ್ಲ. ಸೀದಾ ಆಫೀಸಿಗೆ ಹೋದರು. ಹೋದದ್ದು ಸರಿಯೇ. ಶ್ರೀಕಂಠಯ್ಯನವರು ಬಂದು ಕುಸಿದ ಮೂಲೆ ನೋಡಿದರು, ನೇಗಿಲ ಸಾಲು ನೋಡಿದರು. ಅವರು ಕೂಗಾಡಿದ್ದರೆ ಚೆನ್ನಾಗಿರುತ್ತಿತ್ತು.

"ಎಸ್ಟಿಮೇಟ್‌ನಲ್ಲಿ ಎತ್ತು ಇತ್ತೇನಯ್ಯಾ?"

"ಇಲ್ಲ ಸಾರ್."

"ಆಯಮ್ಮ ಒದ್ದೆ ಜೋಳ ತಂದು ನನ್ನ ಮೇಜಿನ ಮೇಲೆ ಸುರಿದ್ಲು. ನಾನು ಏನು ಹೇಳ್ಲಿ? ಮುಂದಿನ್ ವರ್ಷ ಎತ್ತು ಒಳಗೆ ಬಂದ್ರೆ ನೀನು ಹೊರಗೆ. ತಿಳೀತಾ?"

ತಿಳಿಯಿತು. ಆಗಷ್ಟೇ ನನಗೆ ಮದುವೆ ಗೊತ್ತಾಗಿತ್ತು. ಕೆಲಸ ಹೋದರೆ ಮದುವೆಯೂ ಹೋಗುತ್ತಿತ್ತು. ಗಿರಿಯಪ್ಪನಿಗೆ ಹೇಳಿದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಮಾರನೆಯ ದಿನ ಕೂಲಿ ಕೇಳದೆ ಒಂದು ಗಾಡಿ ಕಲ್ಲು ತಂದು ಹಾಕಿ, ಗೌರಮ್ಮನವರ ಮನೆ ಮುಂದೆ ನಿಂತು, "ತಪ್ಪಾಯ್ತು ಕಣವ್ವಾ" ಎಂದು ಹೇಳಿ ಹೋದ. ಅವರು ಬಾಗಿಲಲ್ಲೇ ನಿಂತು, "ನಿಮ್ ಎತ್ತಾ ಅವು?" ಎಂದಷ್ಟೇ ಕೇಳಿದರಂತೆ.

ಆ ವರ್ಷ ಪಾರ್ಕು ಕಣ್ಣು ತುಂಬುವಂತೆ ಬಂತು. ಮುಂಗಾರಿಗೆ ಗರಿಕೆ ಹಬ್ಬಿ ಕಲ್ಲುಗಳನ್ನೆಲ್ಲ ಕಚ್ಚಿ ಹಿಡಿಯಿತು. ಕನಕಾಂಬರ ಬಿಟ್ಟಿತು, ಸಂಜೆ ಹೆಣ್ಣುಮಕ್ಕಳು ಕದ್ದು ಕೊಯ್ಯುವಷ್ಟು ಬಿಟ್ಟಿತು. ಕಾರ್ಖಾನೆಯಿಂದ ಬಂದವರು ಬೂಟು ಬಿಚ್ಚಿ ಹಂತದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರುತ್ತಿದ್ದರು. ಗಿರಿಯಪ್ಪ ಮಾತ್ರ ಒಳಗೆ ಬರುತ್ತಿರಲಿಲ್ಲ. ಗೊಬ್ಬರ ತಂದರೆ ಗೇಟಿನ ಹೊರಗೇ ಸುರಿದು ಹೋಗುತ್ತಿದ್ದ. ಲಾರಿಗಳು ಬಂದು ಅವನ ಬಾಡಿಗೆಯೂ ಕಮ್ಮಿಯಾಗಿತ್ತು. ಬರುವ ಯುಗಾದಿ ಕಳೆದ ಮೇಲೆ ಎತ್ತು ಮಾರುತ್ತಾನೆಂದು ನಂಜಮ್ಮ ಹೇಳಿದಳು. "ಅವುಕ್ಕೆ ಮೇವು ಆಕುವಾಗ ಮಾತಾಡ್ತಿದ್ರು. ಈಗ ಸುಮ್ಕೆ ಆಕ್ತಾರೆ" ಅಂದಳು.

ಆ ಮಾತು ನನ್ನನ್ನು ಕೂರಲು ಬಿಡಲಿಲ್ಲ. ಮಾಘ ಕಳೆಯುತ್ತಿದ್ದಂತೆ ನಡು ಹಂತದ ಎರಡೂ ತುದಿಗೆ ಒಡೆದ ಅಂಚುಗಲ್ಲುಗಳನ್ನು ಒತ್ತೊತ್ತಾಗಿ ಹಾಸಿದೆ. ಜೋಡಿ ಎತ್ತು ನಿಂತು ತಿರುಗುವಷ್ಟು ಅಗಲ. ಶ್ರೀಕಂಠಯ್ಯನವರು ಕೇಳಿದಾಗ, "ಜನ ಕೂರಕ್ಕೆ ಸಾರ್" ಅಂದೆ. "ತುಂಬಾ ದಪ್ಪ ಜನ ಇರ್ಬೇಕು" ಅಂದರು, ಮತ್ತೇನೂ ಅನ್ನಲಿಲ್ಲ. ಕನಕಾಂಬರ ಕಿತ್ತು ಪಟ್ಟಿಯನ್ನು ಖಾಲಿ ಬಿಟ್ಟೆ. ಹಬ್ಬದ ಹಿಂದಿನ ಸಂಜೆ ಗಿರಿಯಪ್ಪನ ಹಟ್ಟಿಗೆ ಹೋಗಿ, "ನಾಳೆ ಬಾ" ಅಂದೆ.

"ನಿನ್ ಅನ್ನಕ್ಕೆ ಕಲ್ಲು ಆಕಲ್ಲ, ಬುಡು" ಅಂದ.

"ಕಲ್ಲು ಆಗ್ಲೇ ನಾನೇ ಹಾಕಿದೀನಿ, ಅಂಚಿಗೆ. ಬಂದು ನೋಡು."

ನಾನು ಧೈರ್ಯವಂತನೇನಲ್ಲ. ಆ ಬೆಳಗ್ಗೆ ಎಣ್ಣೆ ಸ್ನಾನ ಮಾಡಿ, ಹೊಸ ಪಂಚೆ ಉಟ್ಟು, ಗೇಟಿನ ಹತ್ತಿರ ನಿಂತು ರಸ್ತೆಯ ಎರಡೂ ಕಡೆ ನೋಡುತ್ತಿದ್ದೆ. ಗಿರಿಯಪ್ಪ ಬಂದ. ಎತ್ತುಗಳ ಕೊಂಬಿಗೆ ಕೆಂಪು ಬಣ್ಣ, ಕೊರಳಿಗೆ ಗೆಜ್ಜೆ, ಅವನ ಹೆಗಲ ಮೇಲೆ ನೇಗಿಲು. ಹಿಂದೆ ನಂಜಮ್ಮ, ಕೈಯಲ್ಲಿ ಪೂಜೆಯ ತಟ್ಟೆ. ಆದರೆ ಗೇಟಿನವರೆಗೆ ಬಂದವನು ಒಳಗೆ ಕಾಲಿಡಲಿಲ್ಲ. ಅವನ ಕಣ್ಣು ರಸ್ತೆಯ ಕಡೆ ಇತ್ತು. ಶ್ರೀಕಂಠಯ್ಯನವರ ಸೈಕಲ್ಲು ಬರುತ್ತಿತ್ತು. ನನ್ನ ಕಲ್ಲುಹಾಸು ಯಾವ ದಪ್ಪ ಜನರಿಗೆಂದು ಅವರಿಗೆ ಅರ್ಥವಾಗಿತ್ತು.

ಅವರು ಇಳಿದು, ಸೈಕಲ್ಲು ಹಿಡಿದುಕೊಂಡೇ ನಿಂತರು. "ಏನಯ್ಯಾ ಹೇಳಿದ್ದೆ ನಾನು?"

ಎತ್ತೊಂದು ತಲೆ ಕೊಡವಿತು, ಗೆಜ್ಜೆ ಘಲ್ಲೆಂದಿತು.

ಆಗ ಕೆಳಗಿನ ಕ್ರಾಸಿನಿಂದ ಗೌರಮ್ಮ ಬಂದರು. ಒಂದು ಕೈಯಲ್ಲಿ ನೀರಿನ ಚೊಂಬು, ಇನ್ನೊಂದರಲ್ಲಿ ಅರಿಸಿನ ಕುಂಕುಮದ ಬಟ್ಟಲು. ನನ್ನ ಕಥೆ ಮುಗಿಯಿತು ಎಂದುಕೊಂಡೆ. ಅವರು ನಮ್ಮ ಯಾರನ್ನೂ ನೋಡಲಿಲ್ಲ. ಸೀದಾ ಎತ್ತುಗಳ ಮುಂದೆ ಹೋಗಿ, ಗೊರಸಿಗೆ ನೀರು ಹಾಕಿ, ಹಣೆಗೆ ಕುಂಕುಮವಿಟ್ಟು, ಕೈ ಮುಗಿದರು. ತಿರುಗಿದಾಗ ಅವರ ಕಣ್ಣು ಒದ್ದೆಯಾಗಿತ್ತು.

"ತವರುಮನ್ಯಾಗ ಕಾರ ಹುಣ್ಣಿಮಿಗೆ ಎತ್ತಿನ ಕಾಲು ತೊಳೀದ ನಾವು ಉಂಡೋರಲ್ರೀ ಸಾಹೇಬ್ರ. ಈ ಊರಿಗೆ ಬಂದಮ್ಯಾಲ ಎತ್ತಿನ ಹಣಿ ಮುಟ್ಟಿದ್ದು ಇವತ್ತಾ."

"ನೀವೇ ತಾನೇ ಕಂಪ್ಲೇಂಟ್ ಕೊಟ್ಟಿದ್ದು?" ಅಂದರು ಶ್ರೀಕಂಠಯ್ಯ.

"ಕೊಟ್ಟಿದ್ದು ಮಣ್ಣಿನ ಮ್ಯಾಲ್ರೀ, ಎತ್ತಿನ ಮ್ಯಾಲಲ್ಲ. ಮಣ್ಣು ಬಂದ್ರ ಮತ್ತ ಬರ್ತೀನಿ, ಜೋಳ ತಗೊಂಡು. ಎತ್ತು ಬರಬ್ಯಾಡ ಅನಬ್ಯಾಡ್ರಿ."

ಶ್ರೀಕಂಠಯ್ಯನವರು ನಶ್ಯದ ಡಬ್ಬಿ ತೆಗೆದರು, ತೆರೆಯದೆ ಮತ್ತೆ ಜೇಬಿಗಿಟ್ಟರು. ಒಂದು ಬಾರಿ ಹಂತದ ತುದಿಯ ಕಲ್ಲುಗಳನ್ನು ನೋಡಿದರು. ನಂಜಮ್ಮ ಮೆಲ್ಲಗೆ ತಟ್ಟೆ ಮುಂದೆ ಹಿಡಿದಳು, ಅದರಲ್ಲಿ ಬೇವು ಬೆಲ್ಲ ಇತ್ತು. ಅವರು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಮುಖ ಕಿವುಚಿದರು.

"ನಾನಿನ್ನೂ ಇಲ್ಲಿಗೆ ಬಂದಿಲ್ಲ ಕಣಯ್ಯಾ. ಮನೇಲಿ ಎಣ್ಣೆ ಸ್ನಾನ ಮಾಡ್ತಾ ಇದೀನಿ" ಎಂದು ನನಗೆ ಹೇಳಿ ಸೈಕಲ್ಲು ತಿರುಗಿಸಿದರು. ಆದರೆ ಹೋಗಲಿಲ್ಲ. ಮೇಲಿನ ಕ್ರಾಸಿನ ಮೂಲೆಯಲ್ಲಿ ಒಂದು ಕಾಲು ನೆಲಕ್ಕೂರಿ, ಗಿರಿಯಪ್ಪ ನಾಲ್ಕೂ ಸಾಲು ಮುಗಿಸುವ ತನಕ ನಿಂತಿದ್ದರು. ಎತ್ತುಗಳು ಕಲ್ಲುಹಾಸಿನ ಮೇಲೆ ಜಾರದೆ ತಿರುಗಿದವು. ಆ ವರ್ಷದ ಮಾವಿನ ಮಳೆ ಜೋರಾಗಿಯೇ ಬಂತು. ನಾನು ನೆನೆಯುತ್ತ ಗೌರಮ್ಮನವರ ಜಗಲಿಯ ಮುಂದೆ ನಿಂತು ಕಾದೆ. ನೀರು ತಿಳಿಯಾಗಿ ಪಕ್ಕದ ಕಾಲುವೆಯಲ್ಲಿ ಹರಿದುಹೋಯಿತು. ಅವರು ಒಳಗಿನಿಂದಲೇ, "ಇನ್ನ ಮನಿಗೆ ಹೋಗ್ರಿ ಮೇಸ್ತ್ರಿ, ಶೀತ ಆಗತೈತಿ" ಅಂದರು.

ಗಿರಿಯಪ್ಪ ಆ ಎತ್ತುಗಳನ್ನು ಮಾರಲಿಲ್ಲ. ಅವು ಮುದಿಯಾಗುವ ತನಕ ಪ್ರತಿ ಯುಗಾದಿಗೆ ನಮ್ಮ ನಡು ಹಂತಕ್ಕೆ ಬಂದವು. ಅವು ಸತ್ತ ಮೇಲೆ ಹೆಗ್ಗನಹಳ್ಳಿ ಕಡೆಯಿಂದ ಎರವಲು ಜೋಡಿ ತಂದ. ಅಲ್ಲೂ ಮನೆಗಳೆದ್ದು ಎತ್ತು ಸಿಗದಂತಾದಾಗ ಗುದ್ದಲಿ ಹಿಡಿದು ಬಂದು, ಪಟ್ಟಿಯ ಉದ್ದಕ್ಕೂ ಗೆರೆ ಎಳೆದು ಕಾಯಿ ಒಡೆದ. ನನಗೆ ಬೇರೆ ಬೇರೆ ಕಡೆ ವರ್ಗವಾದರೂ ಆ ಪಾರ್ಕು ನೋಡಿಕೊಳ್ಳುವವರಿಗೆಲ್ಲ ಬಾಯಿಮಾತಿನಲ್ಲಿ ಹೇಳುತ್ತ ಬಂದೆ. ಹೊಸ ಅಧಿಕಾರಿಗಳು ಆ ಜಾಗ ಯಾಕೆ ಖಾಲಿ ಎಂದರೆ, ಮಣ್ಣು ಆರಬೇಕು ಸಾರ್ ಎಂದು ಅವರೂ ಹೇಳುತ್ತಿದ್ದರು. ನಮ್ಮ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಸುಳ್ಳುಗಳೂ ನಡೆದಿವೆ. ಶ್ರೀಕಂಠಯ್ಯನವರು ತೀರಿಕೊಂಡರು. ಗೌರಮ್ಮನವರು ಮಗಳ ಊರಿಗೆ ಹೋ‍ದರು. ಗಿರಿಯಪ್ಪನೂ ಹೋದ, ಒಂದು ಮಳೆಗಾಲದಲ್ಲಿ. ಅವನಿಲ್ಲದ ಮೊದಲ ಯುಗಾದಿಗೆ ನಾನು ಸುಮ್ಮನೆ ಹೋಗಿ ಗೇಟಿನ ಬಳಿ ನಿಂತಿದ್ದೆ, ಯಾರೂ ಬರಲಾರರು ಎಂದುಕೊಂಡೇ. ನಂಜಮ್ಮ ಬಂದಳು. ಒಬ್ಬಳೇ, ಗುದ್ದಲಿ ಹಿಡಿದು.

ಈಗ ಹುಲ್ಲು ಚಾಪೆಯಂತೆ ಸುತ್ತಿಕೊಂಡು ಲಾರಿಯಲ್ಲಿ ಬರುತ್ತದಂತೆ, ಒಂದೇ ದಿನಕ್ಕೆ ಹಾಸಿ ಮುಗಿಸುತ್ತೀರಂತೆ. ಒಳ್ಳೆಯದು. ನಿಮ್ಮ ಬೆನ್ನು ಉಳಿಯಲಿ. ಎಲ್ಲ ಕಡೆ ಹಾಸಿಕೊಳ್ಳಿ. ಆದರೆ ಆ ಸಣ್ಣ ಪಾರ್ಕಿನ ನಡು ಹಂತದಲ್ಲಿ, ಎರಡು ಕಲ್ಲುಹಾಸುಗಳ ನಡುವಿನ ಪಟ್ಟಿಯಲ್ಲಿ ಯುಗಾದಿ ಕಳೆಯುವ ತನಕ ಏನೂ ನೆಡಬೇಡಿ. ಆ ದಿನ ಬೆಳಗ್ಗೆ ಗೇಟು ತೆಗೆದಿಡಿ. ಬಗ್ಗಿದ ಬೆನ್ನಿನ ಒಬ್ಬ ಮುದುಕಿ ಬರುತ್ತಾಳೆ. ಅವಳ ಹೆಸರು ನಂಜಮ್ಮ, ನೀವು ಅಜ್ಜಿ ಎಂದರೂ ಸಾಕು. ಕಣ್ಣು ಮಂದವಾಗಿದೆ, ಮೆಟ್ಟಿಲಿಳಿಯುವಾಗ ಕೈ ಕೊಡಿ. ಗೆರೆ ಎಳೆದು ಮುಗಿಸಿದ ಮೇಲೆ ಸ್ವಲ್ಪ ಹೊತ್ತು ಅಲ್ಲೇ ಕೂರುತ್ತಾಳೆ. ಕೂತಲ್ಲೇ ಅವಳ ಕೈ ತಾನಾಗಿ ಹೋಗಿ ಸುತ್ತಲಿನ ಗರಿಕೆ ಕೀಳಲು ಶುರುಮಾಡುತ್ತದೆ. ಕೀಳಲಿ, ತಡೆಯಬೇಡಿ. ಅವಳು ಹೋದ ಮೇಲೆ ಮತ್ತೆ ಊರಿದರಾಯಿತು.